ಮೂರನೆಯ ಪ್ರಕಟಣೆಗೆ ನನ್ನ ತಕರಾರು

ನನ್ನ ಹೆಸರು ಪ್ರಭಾ, ತಂದೆ ಪ್ರೇಮನಾಥ ಚಿತ್ತಾಪುರ, ವಯಸ್ಸು ಮೂವತ್ತೊಂದು, ಧರ್ಮ ಕ್ರೈಸ್ತ, ಉದ್ಯೋಗ ಮಹಾಪೆಯ ಲೇಬಲ್ ಮುದ್ರಣ ಕಾರ್ಖಾನೆಯೊಂದರಲ್ಲಿ ತಪಾಸಣೆ ಕೆಲಸ, ವಾಸ ಡೊಂಬಿವಲಿ ಪೂರ್ವ, ಮೂಲ ಕಲಬುರಗಿ ಜಿಲ್ಲೆ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ, ಆದರೆ ಸಿಟ್ಟು ಬಂದಾಗ ಬರುವುದಿಲ್ಲ. ಈಗ ಸಿಟ್ಟು ಬಂದಿರುವುದರಿಂದ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅಕ್ಕಲಕೋಟೆ ಕಡೆಯವರಾದ ಮಹಿಳಾ ಹವಾಲ್ದಾರ್ ಅನಸೂಯಾ ಅವರು ಬರೆದುಕೊಳ್ಳುತ್ತಿದ್ದಾರೆ. ಮರಾಠಿಗೆ ಆಮೇಲೆ ಮಾಡಿಕೊಳ್ಳುವುದಾಗಿ ಹೇಳಿದ್ದಾರೆ. ಪೊಲೀಸ್ ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಹೇಳುವ ಹಕೀಕತ್ತು ಏನೆಂದರೆ,

ಕಾಮೋಠೆಯಲ್ಲಿ ವಾಸವಿರುವ ಮನೀಶ್ ದಿಲೀಪ, ವಯಸ್ಸು ಮೂವತ್ಮೂರು, ಈ ದಿನ ನನ್ನ ಮೇಲೆ ದೂರು ಕೊಟ್ಟಿರುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಅವರ ಮದುವೆ ಕೆಡಿಸಲು ಆರಾಧನೆಯ ಮಧ್ಯೆ ಎದ್ದು ಗಲಾಟೆ ಮಾಡಿದೆನೆಂದು ಅದರಲ್ಲಿ ಇರುವುದಾಗಿ ನನಗೆ ಓದಿ ಹೇಳಿದರು. ಹೊಟ್ಟೆಕಿಚ್ಚು ಇದ್ದದ್ದು ನಿಜ. ಅದನ್ನು ಮೊದಲೇ ಬರೆದುಕೊಳ್ಳಬೇಕೆಂದು ನಾನೇ ಕೇಳಿಕೊಂಡಿದ್ದೇನೆ. ಮಿಕ್ಕದ್ದು ಅವರು ಹೇಳಿದಂತೆ ಇಲ್ಲ.

ಮನೀಶ್ ಮತ್ತು ನಾನು ಒಂದೇ ಕನ್ನಡ ಸಭೆಯವರು. ಸಭೆಗೆ ಸ್ವಂತ ಕಟ್ಟಡವಿಲ್ಲ. ಡೊಂಬಿವಲಿ ಪೂರ್ವದಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆ ನಡೆಯುತ್ತದೆ. ಅವನು ಅಲ್ಲಿ ಗಿಟಾರ್ ನುಡಿಸುತ್ತಾನೆ, ಯುವಜನರ ಕೂಟ ನಡೆಸುತ್ತಾನೆ. ಇನ್ನು ಮುಂದೆ ಅವನು ಎಂದೇ ಹೇಳುತ್ತೇನೆ. ಅವನಿಗೆ ಮರ್ಯಾದೆಯ ಮಾತು ನನ್ನ ಬಾಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. 2022ರ ಜೂನ್‌ನಲ್ಲಿ ಎರಡೂ ಮನೆಯವರು ಒಪ್ಪಿ, ಮದುವೆಯ ಮಾತಿನ ಮೇಲೆ ನಾವು ಜೊತೆಯಲ್ಲಿ ಓಡಾಡತೊಡಗಿದೆವು.

ನಮ್ಮ ಸಭೆಯಲ್ಲಿ ಹೀಗೆ ಓಡಾಡುವವರು ಜೊತೆಯಾಗಿ ಪ್ರಾರ್ಥನೆ ಮಾಡಬೇಕೆಂಬ ರೂಢಿ ಇದೆ. ಅವನಿರುವುದು ಕಾಮೋಠೆಯಲ್ಲಿ, ನಾನಿರುವುದು ಡೊಂಬಿವಲಿಯಲ್ಲಿ. ದಿನಾ ಸೇರಲು ಆಗುವುದಿಲ್ಲ. ಆದ್ದರಿಂದ ಮಲಗುವ ಮೊದಲು ನನ್ನ ಪ್ರಾರ್ಥನೆಯನ್ನು ವಾಯ್ಸ್ ಮೆಸೇಜ್ ಮಾಡಿ ತನಗೆ ಕಳಿಸಬೇಕೆಂದು ಅವನು ಹೇಳಿದ. ತನ್ನ ಪ್ರಾರ್ಥನೆ ಎಂದೂ ಕಳಿಸಲಿಲ್ಲ. ಗಂಡಸು ಗುಟ್ಟಾಗಿ ಪ್ರಾರ್ಥಿಸಬೇಕೆಂದು ಹೇಳಿದ. ನನ್ನದರಲ್ಲಿ ಅವನ ಹೆಸರು ಬರದಿದ್ದರೆ ಮರುದಿನ ಮಾತು ಬಿಡುತ್ತಿದ್ದ. ಕೊನೆಗೆ ಸೇರಿಸಲು ಒಂದು ಸಾಲನ್ನೂ ಹೇಳಿಕೊಟ್ಟ. ಕರ್ತನೇ, ಮನೀಶನಿಗೆ ನೋವಾಗುವಂಥದ್ದು ನನ್ನಲ್ಲಿ ಏನಿದ್ದರೂ ಬೇರುಸಹಿತ ಕಿತ್ತುಹಾಕು, ಎಂಬುದು ಆ ಸಾಲು. ನಾನು ಅದನ್ನು ಎರಡು ವರ್ಷ ದಿನಾ ಹೇಳಿದೆ. ಹೇಳುವಾಗ ಧ್ವನಿ ಸ್ವಲ್ಪ ಇಂಪು ಮಾಡಿಕೊಳ್ಳುತ್ತಿದ್ದೆ. ದೇವರ ಮುಂದೆ ಇಂಪು ಮಾಡಿಕೊಳ್ಳುವ ಅಗತ್ಯ ನನಗೆ ಅದಕ್ಕೂ ಮೊದಲು ಎಂದೂ ಬಿದ್ದಿರಲಿಲ್ಲ.

ಕೆಲಸಕ್ಕೆ ನಾನು ಠಾಣೆ ಎಂಬ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಘನ್ಸೋಲಿಗೆ ಹೋಗಿ, ಅಲ್ಲಿಂದ ಶೇರ್ ರಿಕ್ಷಾದಲ್ಲಿ ಮಹಾಪೆಗೆ ಹೋಗುತ್ತೇನೆ. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಅವನಿಗೆ ವಿಡಿಯೋ ಕಾಲ್ ಮಾಡಬೇಕಿತ್ತು. ಅವನು ಇಲ್ಲೇ ಹುಟ್ಟಿದವನಾದ್ದರಿಂದ ಸಿಟ್ಟಿನಲ್ಲಿ ಹಿಂದಿ ಆಡುತ್ತಾನೆ. "ಬಾಜೂ ಮೇಂ ಕೌನ್ ಹೈ?" ಎಂದು, ಅಂದರೆ ಪಕ್ಕದಲ್ಲಿ ಯಾರಿದ್ದಾರೆಂದು, ಕೇಳುತ್ತಿದ್ದ. ನಾನು ಫೋನನ್ನು ಸುತ್ತಲೂ ತಿರುಗಿಸಿ ತೋರಿಸಿ, ಯಾರೂ ಇಲ್ಲ ಎನ್ನುತ್ತಿದ್ದೆ. ಆ ಸೇತುವೆಯ ಮೇಲೆ ಆ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಫೋನಿನ ಲೊಕೇಶನ್ ಕೂಡ ಅವನಿಗೆ ಸದಾ ಕಾಣುವಂತೆ ಇಟ್ಟಿದ್ದೆ. ದೇವರಿಗೇ ತನ್ನ ಜನರ ಮೇಲೆ ಹೊಟ್ಟೆಕಿಚ್ಚು ಇದೆ, ಪ್ರೀತಿಸುವವನಿಗೆ ಇರದೆ ಹೇಗೆ ಎಂದು ಅವನು ಹೇಳಿದಾಗ ನಾನು ಆಮೆನ್ ಎಂದಿದ್ದೇನೆ. ಜೊತೆ ಕೆಲಸದ ಮಾನಸಿ ಒಂದು ದಿನ ಇದು ಪ್ರೀತಿಯಲ್ಲ, ಹಾಜರಿ ಎಂದಳು. ಅವಳನ್ನು ಯಾರೂ ಹೀಗೆ ವಿಚಾರಿಸುವವರಿಲ್ಲ, ಅದಕ್ಕೇ ಹೊಟ್ಟೆ ಉರಿ ಎಂದುಕೊಂಡು ನಾನು ಅವಳ ಡಬ್ಬಿಯ ಊಟ ತಿನ್ನುವುದನ್ನೂ ಬಿಟ್ಟೆ.

2024ರ ಆಗಸ್ಟ್‌ನಲ್ಲಿ ಅದೇ ಮಾನಸಿಯ ಹುಟ್ಟುಹಬ್ಬಕ್ಕೆ ಎಲ್ಲರೂ ವಾಶಿಯ ಹೋಟೆಲಿಗೆ ಹೋದೆವು. ನಾನು ಅವನಿಗೆ ಮೊದಲೇ ಹೇಳಿರಲಿಲ್ಲ. ಅವನು ಬಂದು ಹೊರಗೆ ಗಾಜಿನ ಆಚೆ ನಿಂತ. ಒಳಗೆ ಬರಲಿಲ್ಲ, ನಾನು ಏಳುವ ತನಕ ಹಾಗೇ ನೋಡುತ್ತ ನಿಂತ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ, ನಿನ್ನ ವಿಷಯದಲ್ಲಿ ದೇವರು ನನಗೆ ಸಮಾಧಾನ ಕೊಡಲಿಲ್ಲ ಎಂದು ಹೇಳಿ ಸಂಬಂಧ ಮುರಿದ. ಬೇರೆ ಯಾರ ಹೆಸರು ಹೇಳಿದ್ದರೂ ಹೋಗಿ ಜಗಳ ತೆಗೆಯುತ್ತಿದ್ದೆ. ದೇವರ ಹೆಸರು ಹೇಳಿದ ಮೇಲೆ ಯಾರ ಮನೆಗೆ ಹೋಗುವುದು? ನಾನು ಉಪವಾಸ ಮಾಡಿದೆ. ಲೊಕೇಶನ್ ಬಂದ್ ಮಾಡಲಿಲ್ಲ. ಅವನು ನೋಡಬಹುದು ಎಂದು ರಜಾ ದಿನವೂ ಎಲ್ಲಿಗೂ ಹೋಗದೆ ಮನೆಯಲ್ಲೇ ಕೂರುತ್ತಿದ್ದೆ.

2025ರ ಫೆಬ್ರವರಿಯಲ್ಲಿ ಅಮಿತಾ ಎಂಬವಳು ಅವನ ಜೊತೆ ಸಭೆಗೆ ಬಂದಳು. ವಯಸ್ಸು ಇಪ್ಪತ್ನಾಲ್ಕು, ಮನೆ ಕಲ್ಯಾಣ ಪೂರ್ವ, ತಂದೆ ಇಲ್ಲ, ತಾಯಿ ಇದ್ದಾರೆ, ಉಲ್ಹಾಸನಗರದಲ್ಲಿ ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸ. ಅವಳನ್ನು ಕಂಡಂದಿನಿಂದ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಅವಳ ಹಲ್ಲು ನೋಡಿದೆ, ನಡಿಗೆ ನೋಡಿದೆ, ಹಾಡುವಾಗ ಶ್ರುತಿ ತಪ್ಪುತ್ತಾಳೋ ಎಂದು ಕಿವಿಗೊಟ್ಟೆ. ತಪ್ಪಲಿಲ್ಲ. ಅದಕ್ಕೂ ಉರಿದೆ. ಕರ್ತನ ಭೋಜನದ ರೊಟ್ಟಿಗೆ ಸಾಲು ನಿಂತಾಗಲೂ ಅವಳ ಹಿಂದೆ ನಿಲ್ಲಬಾರದೆಂದು ಜಾಗ ಬದಲಿಸಿದ್ದೇನೆ.

ದೀಪಾವಳಿಗೆ ಸ್ವಲ್ಪ ಮೊದಲು ಪರದೆ ಕೊಳ್ಳುವ ನೆಪ ಮಾಡಿ ಅವಳ ಅಂಗಡಿಗೆ ಹೋದೆ. ನಮ್ಮ ಮನೆಯಲ್ಲಿ ಇರುವುದೇ ಒಂದು ಕಿಟಕಿ, ಅದಕ್ಕೂ ಪರದೆ ಇದೆ. ಅವಳಲ್ಲಿ ಅಂಥದ್ದೇನಿದೆ ಎಂದು ಹತ್ತಿರದಿಂದ ನೋಡಬೇಕಿತ್ತು, ಅಷ್ಟೇ. ಗಿರಾಕಿಗಳ ಗದ್ದಲದಲ್ಲಿ ಅವಳು ನನ್ನನ್ನು ಗಮನಿಸಲಿಲ್ಲ. ಬಟ್ಟೆಯ ಥಾನುಗಳ ನಡುವೆ ಅವಳು ಫೋನನ್ನು ಒರಗಿಸಿ ಇಟ್ಟಿದ್ದಳು. ವಿಡಿಯೋ ಕಾಲ್ ನಡೆದೇ ಇತ್ತು, ಅದರಲ್ಲಿ ಅವನಿದ್ದ. ಗಂಡಸು ಗಿರಾಕಿ ಬಂದರೆ ಅವಳು ಬಟ್ಟೆ ಅಳೆಯುವುದನ್ನು ಬಿಟ್ಟು ಫೋನನ್ನು ಆ ಕಡೆ ತಿರುಗಿಸುತ್ತಿದ್ದಳು. ನಾನು ಗಲ್ಲಾಪೆಟ್ಟಿಗೆಯ ಹತ್ತಿರ ಹೋದಾಗ, ಯಾರು ಬಂದರೆಂದು ಅವನು ಫೋನಿನೊಳಗಿಂದ "ಕೌನ್ ಆಯಾ?" ಎಂದ. ಅವಳು ಉತ್ತರ ಕೊಡುವ ಮೊದಲೇ ನನ್ನ ಬಾಯಿಂದ "ಕೋಯೀ ನಹೀಂ", ಯಾರೂ ಇಲ್ಲ, ಎಂದು ಬಂದುಬಿಟ್ಟಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಪರದೆ ಕೊಳ್ಳದೆ ಹೊರಟೆ. ದಾರಿಯುದ್ದಕ್ಕೂ ನನಗಿದ್ದ ಯೋಚನೆ ಒಂದೇ. ನನಗೆ ಸೇತುವೆಯ ಮೇಲೆ ಮಾತ್ರ ಫೋನು, ಇವಳಿಗೆ ಇಡೀ ದಿನ. ಇವಳ ಮೇಲೆ ಅವನಿಗೆ ಎಷ್ಟು ಪ್ರೀತಿ ಎಂದು ಅತ್ತೆ. ಅನಸೂಯಾ ಅವರು ಈ ಮಾತಿಗೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಹೇಳಿದ್ದು ಹಾಗೆಯೇ ಬರೆಯಬೇಕು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡುಹೆಣ್ಣಿನ ಹೆಸರನ್ನು ಸಭೆಯ ಮುಂದೆ ಓದಿ, ಯಾರದಾದರೂ ತಕರಾರು ಇದ್ದರೆ ತಿಳಿಸಿರೆಂದು ಕೇಳುತ್ತಾರೆ, ಇದಕ್ಕೆ ಪ್ರಕಟಣೆ ಎನ್ನುತ್ತಾರೆ. ಅವರಿಬ್ಬರ ಹೆಸರನ್ನು ಮೊದಲು ಅಕ್ಟೋಬರ್ 26ರಂದು, ಎರಡನೆಯ ಸಲ ನವೆಂಬರ್ 2ರಂದು ಓದಿದರು. ಎರಡೂ ಸಲ ನಾನು ನೆಲ ನೋಡುತ್ತ ಕುಳಿತಿದ್ದೆ.

ನವೆಂಬರ್ 7, ಶುಕ್ರವಾರ ಸಂಜೆ ಅಮಿತಾಳ ಮನೆಯಲ್ಲೇ ಮನೆಪ್ರಾರ್ಥನೆ ಇತ್ತು. ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸುವುದು ಪದ್ಧತಿ. ಎಲ್ಲರೂ ಕಣ್ಣು ಮುಚ್ಚಿದ್ದರು. ನಾನು ಮುಚ್ಚಲಿಲ್ಲ, ಅವಳನ್ನು ನೋಡಬೇಕಿತ್ತು. ಅಮಿತಾ ತಾಯಿಯ ಮೊಣಕಾಲು ನೋವಿಗೆ ಪ್ರಾರ್ಥಿಸಿದಳು, ಅಂಗಡಿಗೆ ಪ್ರಾರ್ಥಿಸಿದಳು, ಕೊನೆಗೆ ಕರ್ತನೇ, ಮನೀಶನಿಗೆ ನೋವಾಗುವಂಥದ್ದು ನನ್ನಲ್ಲಿ ಏನಿದ್ದರೂ ಬೇರುಸಹಿತ ಕಿತ್ತುಹಾಕು ಎಂದಳು. ಅದೇ ಸಾಲು. ಧ್ವನಿಯನ್ನು ಅಲ್ಲೇ, ನಾನು ಇಂಪು ಮಾಡುತ್ತಿದ್ದ ಜಾಗದಲ್ಲೇ ಇಂಪು ಮಾಡಿದಳು. ನಾನು ಮನೀಶನ ಕಡೆ ನೋಡಿದೆ. ಅವನೂ ಕಣ್ಣು ಮುಚ್ಚಿರಲಿಲ್ಲ. ಪಾಠ ಒಪ್ಪಿಸಿಕೊಳ್ಳುವ ಮಾಸ್ತರನಂತೆ ತಲೆಯಾಡಿಸುತ್ತ ಅವಳನ್ನು ನೋಡುತ್ತಿದ್ದ.

ಆಗ ನನಗೆ ತಿಳಿಯಿತು. ಅವಳು ದೇವರ ಹತ್ತಿರ ಮಾತನಾಡುತ್ತಿರಲಿಲ್ಲ. ಎರಡು ವರ್ಷ ನಾನೂ ಮಾತನಾಡಿರಲಿಲ್ಲ. ನನ್ನ ಪ್ರಾರ್ಥನೆಯೆಲ್ಲ ಅವನ ಫೋನಿಗೆ ಹೋಗಿತ್ತು. ದೇವರು ಎಲ್ಲವನ್ನೂ ನೋಡುತ್ತಾನೆಂದು ಚಿಕ್ಕಂದಿನಿಂದ ಕೇಳಿದ್ದೇನೆ, ಆದರೆ ಬಾಜೂ ಮೇಂ ಕೌನ್ ಹೈ ಎಂದು ಆತ ನನ್ನನ್ನು ಒಂದು ದಿನವೂ ಕೇಳಿಲ್ಲ. ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ಎಂಥದರ ಮೇಲೆ ಎಂದು ಕಂಡಿತು.

ಮರುದಿನ ಶನಿವಾರ ಸಂಜೆ ಪಾಸ್ಟರ್ ಅನಿಲಕುಮಾರ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ತಕರಾರು ಎಂದರೆ ವರನಿಗೋ ವಧುವಿಗೋ ಮೊದಲೇ ಮದುವೆ ಆಗಿರಬೇಕು, ವಯಸ್ಸು ಸಾಲದೆ ಇರಬೇಕು ಅಥವಾ ಹತ್ತಿರದ ರಕ್ತಸಂಬಂಧ ಇರಬೇಕು, ಪ್ರಾರ್ಥನೆ ಕಳಿಸುವುದು ಅದರಲ್ಲಿ ಬರುವುದಿಲ್ಲ ಎಂದು ಅವರು ತಿಳಿಸಿದರು. ಜನರು ಹೊಟ್ಟೆಕಿಚ್ಚು ಎನ್ನುತ್ತಾರೆಂದೂ ತಿಳಿಸಿದರು. ಅವರ ಮಾತು, "ತಂಗಿ, ನಿನ್ನ ಹೊಟ್ಟಿಕಿಚ್ಚ ದೇವರ ಪಾದಕ್ಕ ಹಾಕಿಬಿಡು." ನಾನು, "ಅದನ್ನ ಹಾಕ್ತೀನ್ರಿ ಅಯ್ನೋರೆ. ಅಮಿತಾನ್ನ ಎಲ್ಲಿ ಹಾಕ್ಲಿ?" ಎಂದು ಕೇಳಿದೆ. ಅವರು ಚಹಾ ಕೊಟ್ಟರು, ಕುಡಿದು ಬಂದೆ.

ಈ ದಿನ ನವೆಂಬರ್ 9, ಭಾನುವಾರ, ಸುಮಾರು ಹತ್ತೂ ಕಾಲಕ್ಕೆ ಪಾಸ್ಟರ್ ಮೂರನೆಯ ಪ್ರಕಟಣೆ ಓದಲು ತೊಡಗಿದರು. ತಕರಾರು ಇದ್ದರೆ ಎಂಬ ಮಾತು ಬಂದಾಗ ನಾನು ಮೂರನೆಯ ಸಾಲಿನಿಂದ ಎದ್ದು ನಿಂತೆ. ಮುಂದಿನ ಕುರ್ಚಿ ಹಿಡಿದುಕೊಂಡೆ. ನಾನು ಆಡಿದ ಮಾತು ಇಷ್ಟೇ: "ನಂದು ತಕರಾರ ಅದರಿ. ಹೌದು, ನಂಗ ಹೊಟ್ಟಿಕಿಚ್ಚ ಅದ, ಎಲ್ಲಾರೂ ಅನ್ರಿ. ಅಮಿತಾ, ಒಂದೇ ಮಾತ ಕೇಳ್ತೀನಿ. ನಿನ್ನಿ ರಾತ್ರಿ ಮಾಡಿದ ಪ್ರಾರ್ಥನಿ ನೀ ಯಾರಿಗ ಕಳ್ಸಿದಿ?"

ಅಮಿತಾ ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದಳು. ಮಡಿಲಲ್ಲಿದ್ದ ಫೋನ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮನೀಶ್ ಗಿಟಾರ್ ಕೆಳಗಿಟ್ಟು ಬಂದು ನನ್ನ ಎಡಗೈ ಮಣಿಕಟ್ಟು ತಿರುಚಿ, ಬಾಗಿಲ ತನಕ, ಅಂದರೆ ಸುಮಾರು ಇಪ್ಪತ್ತೈದು ಅಡಿ ಎಳೆದುಕೊಂಡು ಹೋದ. "ಔಕಾತ್ ಮೇಂ ರೆಹ್", ನಿನ್ನ ಯೋಗ್ಯತೆ ಅರಿತು ಇರು, ಎಂದು ಕೂಗಿದ. ಮೆಟ್ಟಿಲ ಮೇಲೆ ತಳ್ಳಿದ. ಅಲ್ಲಿ ಬಿಟ್ಟಿದ್ದ ಚಪ್ಪಲಿಗಳ ಮೇಲೆ ನಾನು ಬಿದ್ದು ಮೊಣಕಾಲಿಗೆ ತರಚಿತು. ಸಭೆಯವರು ಬಂದು ಬಿಡಿಸಿದರು, ಯಾರೋ 112ಕ್ಕೆ ಫೋನ್ ಮಾಡಿದರು. ಪಾಸ್ಟರ್ ಪ್ರಕಟಣೆಯನ್ನು ಓದಿ ಮುಗಿಸಲಿಲ್ಲ. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ಬಿದ್ದಲ್ಲಿಂದಲೇ ನೋಡಿದೆ. ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ, ಬಾವು ಇದೆ ಎಂದು ಹೇಳಿದ್ದಾರೆ.

ಮನೀಶನನ್ನು ಮರಳಿ ಪಡೆಯುವ ಆಸೆ ಇದೆಯೇ ಎಂದು ನನ್ನನ್ನು ಕೇಳಲಾಯಿತು. ಅವನು ಮಣಿಕಟ್ಟು ಹಿಡಿದ ಕ್ಷಣದಲ್ಲಿ, ಎಷ್ಟು ದಿನಗಳ ಮೇಲೆ ನನ್ನ ಕಡೆ ನೋಡಿದ ಎಂದು ಒಂದು ಗಳಿಗೆ ಅನ್ನಿಸಿತು. ಕೈ ನೋವಿಗಿಂತ ಆ ಅನ್ನಿಸಿಕೆಗೆ ನಾನು ಹೆಚ್ಚು ಹೆದರಿದ್ದೇನೆ. ಆಸೆ ಇಲ್ಲ. ಲೊಕೇಶನ್ ಅನ್ನು ಈಗ ಇಲ್ಲೇ ಕುಳಿತು, ಅನಸೂಯಾ ಅವರ ಮುಂದೆ ಬಂದ್ ಮಾಡಿದ್ದೇನೆ. ನನ್ನ ಮೇಲೆ ಕೈ ಮಾಡಿದ್ದಕ್ಕೆ ಅವನ ಮೇಲೆ ಕಾನೂನು ಕ್ರಮ ಆಗಬೇಕು.

ಈ ಹೇಳಿಕೆ ಬರೆಯುತ್ತಿರುವಾಗ, ಮೂರೂವರೆಯ ಹೊತ್ತಿಗೆ, ಅಮಿತಾ ತಾಯಿಯನ್ನು ಕರೆದುಕೊಂಡು ಠಾಣೆಗೆ ಬಂದು ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಅವಳ ಫೋನ್ ಮತ್ತೆ ಮತ್ತೆ ರಿಂಗಾಯಿತು. ಎತ್ತಲಿಲ್ಲ, ಮಗುಚಿ ಹಾಕಿದಳು. ಅನಸೂಯಾ ಅವರು ಏನು ಬಂದದ್ದೆಂದು ಕೇಳಿದ್ದಕ್ಕೆ ಅವಳು ಹೇಳಿದ್ದು: "ಮೊದ್ಲು ಅಕ್ಕಂದು ಮುಗೀಲಿರಿ. ಆಮ್ಯಾಲ ನಂದೂ ಬರ್ಕೋರಿ."

ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ ಹೇಳುವುದೇನೆಂದರೆ, ನನಗೆ ಅಮಿತಾಳ ಮೇಲೆ ಈಗಲೂ ಹೊಟ್ಟೆಕಿಚ್ಚು ಇದೆ. ನನಗೆ ಮೂರು ವರ್ಷ ಹಿಡಿದದ್ದು ಅವಳಿಗೆ ಒಂಬತ್ತೇ ತಿಂಗಳಲ್ಲಿ ತಿಳಿಯಿತು. ಅವಳಿಗೆ ಹೇಳಲು ಒಬ್ಬಳು ಎದ್ದು ನಿಂತಳು, ನನಗೆ ಯಾರೂ ನಿಂತಿರಲಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಆಡಿದ್ದೇ ಇದೆ, ಯಾರೋ ಹೇಳಿಕೊಟ್ಟ ಒಂದು ಸಾಲೂ ಇದರಲ್ಲಿ ಇಲ್ಲ.

ಸ್ಥಳ: ಡೊಂಬಿವಲಿ ಪೂರ್ವ
ದಿನಾಂಕ: 9 ನವೆಂಬರ್ 2025
ಸಹಿ: ಪ್ರಭಾ ಪ್ರೇಮನಾಥ ಚಿತ್ತಾಪುರ
ನನ್ನ ಸಮಕ್ಷಮ ಬರೆದುಕೊಂಡದ್ದು: ಅನಸೂಯಾ, ಮಹಿಳಾ ಹವಾಲ್ದಾರ್