ಕುಂಕುಮವಿಟ್ಟ ಡಬ್ಬಿ

ನನ್ನ ಅಕ್ಷರ ಸೊಟ್ಟ, ನನ್ನಲ್ಲಿರುವ ಪದಗಳೂ ಕಡಿಮೆ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಮೊದಲ ಸಲ ಬರೆಯುತ್ತಿದ್ದೇನೆ. ತಲಘಟ್ಟಪುರದ ಶೂಟಿಂಗ್ ರೇಂಜಿನ ಗೋಡೆಯ ಹೊರಗೆ ಕೆಂಪಕ್ಕನೆಂಬ ತಾಯಿ ಆಡಿದ, ನಾನು ಕೇಳಿಸಿಕೊಂಡ ಮಾತುಗಳಿವು. ಒರಟೆನಿಸಿದರೆ ಸಹಿಸಿಕೊಳ್ಳಬೇಕು.

…ಏಳಬೇಡಿ ಕಾತ್ಯಾಯಿನಿ ಮೇಡಂ, ಕುಳಿತುಕೊಳ್ಳಿ. ತಾಯಂದಿರನ್ನು ಒಳಗೆ ಬಿಡುವುದಿಲ್ಲವೆಂದು ಗೇಟಿನ ದ್ಯಾಮಣ್ಣ ಆಗಲೇ ಹೇಳಿದನಲ್ಲ! ಈ ಹೊಂಗೆ ಮರದ ಕೆಳಗೆ ಕೂತೇ ನಿಮ್ಮ ಸಮನ್ವಿತಾಳ ಪಿಸ್ತೂಲಿನ ಸದ್ದು ಕೇಳೋಣ. ಗೋಡೆಯ ಪಕ್ಕದ ಜಾಗವೇ ಅವಳದು, ಹತ್ತಿರದ ಸದ್ದೆಲ್ಲ ಅವಳದೇ. ರಾಜ್ಯದ ತಂಡಕ್ಕೆ ಆರಿಸುವ ದಿನ… ತಾಯಿಗೆ ಹೇಗಿರುತ್ತದೆಂದು ನಾನು ಬಲ್ಲೆ. ಹೋದ ವರ್ಷ ಇದೇ ಕಲ್ಲಿನ ಮೇಲೆ ನಾನು ಕೂತಿದ್ದೆ. ಒಳಗೆ ನನ್ನ ಸುಧಾಮಣಿ ನಿಂತಿದ್ದಳು.

ಏಕೆ, ನನ್ನ ಬೆರಳನ್ನು ನೋಡುತ್ತೀರಿ? ಕುಂಕುಮ, ಮೇಡಂ. ಬೆಳಿಗ್ಗೆ ಬನಶಂಕರಿ ಅಮ್ಮನ ಗುಡಿಗೆ ಹೋಗಿದ್ದೆ. ತೊಳೆದರೂ ಹೋಗಲಿಲ್ಲ, ಹಾಳಾದ್ದು!

ನಗುತ್ತೀರಾ? ನಗಿ, ನಗಿ. ನನ್ನ ಕುಂಕುಮವೆಂದರೆ ನಿಮಗೆ ಮೊದಲಿನಿಂದಲೂ ನಗುವೇ. ನೆನಪಿಲ್ಲವೇ? ಸುಧಾಮಣಿಯ ಪಿಸ್ತೂಲು ಗುಂಡು ಹಾರದೆ ಮೇಲಿಂದ ಮೇಲೆ ಕಚ್ಚಿಕೊಂಡಿತು. ಒಮ್ಮೆಯಾದರೆ ಮತ್ತೆ ಅವಕಾಶ ಕೊಡುತ್ತಾರೆ. ಪ್ರತಿ ಸುತ್ತಿಗೂ ಆದರೆ ಯಾರು ಕೊಡುತ್ತಾರೆ? ಅಳುತ್ತ ಹೊರಗೆ ಬಂದಳು ನನ್ನ ಮಗಳು. ಆಗ ನೀವು ಎಲ್ಲರೆದುರು ಏನೆಂದಿರಿ? “ಅವರಮ್ಮ ಆಯುಧ ಪೂಜೇಲಿ ಪಿಸ್ತೂಲಿಗೆ ಕುಂಕುಮ ಮೆತ್ತಿದ್ದಾರೆ ಸಾರ್, ಅದು ಒಳಗೆ ಹೋಗಿ ಕೂತಿದೆ. ಇಂಥವರ ಕೈಗೆ ಕೊಟ್ರೆ ಇನ್ನೇನಾಗುತ್ತೆ?” ಎಲ್ಲರೂ ನಕ್ಕರು. ನಾನೂ ನಕ್ಕೆ ಮೇಡಂ! ನಾಚಿಕೆಗೆ ನಕ್ಕೆ. ಆದರೆ ‘ಇಂಥವರು’ ಎಂಬ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದೆ.

ಇಲ್ಲ, ಜಗಳಕ್ಕೆ ಬಂದಿಲ್ಲ. ಸುಮ್ಮನೆ ಹೇಳುತ್ತಿದ್ದೇನೆ.

ಮಾರನೆಯ ದಿನ ಕೋಚ್ ಸೇತುರಾಮ ಸಾರ್ ನನ್ನೆದುರಿಗೇ ಪಿಸ್ತೂಲು ಬಿಚ್ಚಿದರು. ಒಳಗೆ ಕುಂಕುಮದ ಒಂದು ಕಣವಿಲ್ಲ! “ಪಿಸ್ತೂಲು ಕೆಟ್ಟಿಲ್ಲ ಕೆಂಪಕ್ಕ, ಅದಕ್ಕೆ ಹಾಕಿದ ಊಟ ಸರಿಯಿಲ್ಲ” ಎಂದರು. ಕೈ ಪಳಗಿಸಲೆಂದು ಮೆದು ಗುಂಡು ಬರುತ್ತದಂತೆ. ಸದ್ದು ಕಡಿಮೆ, ಒದೆತ ಕಡಿಮೆ. ಗುಂಡೇನೋ ಗುರಿಗೆ ಹೋಗುತ್ತದೆ. ಆದರೆ ಆ ಒದೆತದಿಂದಲೇ ತಾನೇ ಪಿಸ್ತೂಲಿನ ಮೇಲ್ಭಾಗ ಹಿಂದೆ ಸರಿದು, ಹೊಡೆದ ಗುಂಡಿನ ಖಾಲಿ ಕೊಳವೆಯನ್ನು ಆಚೆ ಎಸೆದು, ಇನ್ನೊಂದು ಗುಂಡನ್ನು ಒಳಗೆ ಎಳೆದುಕೊಳ್ಳಬೇಕು? ಒದೆತವೇ ಸಾಲದಿದ್ದರೆ ಅರ್ಧಕ್ಕೆ ಬಾಯಿ ತೆರೆದು ಕೊಳವೆಯನ್ನು ಕಚ್ಚಿ ನಿಲ್ಲುತ್ತದೆ. ಜೋರು ಗುಂಡು ಹಾಕಿದರೆ ದಿನವಿಡೀ ಹೊಡೆದರೂ ತಡವರಿಸುವುದಿಲ್ಲವಂತೆ. ಸಾರ್ ಇನ್ನೊಂದು ಮಾತು ಹೇಳಿದರು: “ಸಮನ್ವಿತಾಳದೂ ಇದೇ ಥರದ ಪಿಸ್ತೂಲು. ಮೆದು ಗುಂಡು ಅದಕ್ಕೂ ಆಗಲ್ಲ. ಅವರಮ್ಮನಿಗೆ ಗೊತ್ತಲ್ಲ!”

ಗೊತ್ತಿತ್ತು, ಅಲ್ಲವೇ ಮೇಡಂ?

ಅಂದು ಬೆಳಿಗ್ಗೆ ನಮ್ಮ ಗುಂಡು ಸಾಲದೆ ಬಂದಾಗ ನೀವೇ ಕರೆದು ಗುಂಡಿನ ಡಬ್ಬಿ ಕೊಟ್ಟಿರಿ. “ಇದೇ ಮ್ಯಾಚ್‌ದಾ ಮೇಡಂ?” ಎಂದು ಕೇಳಿದೆ. ಇಂಗ್ಲಿಷ್ ಓದಲು ಬಾರದವಳು, ಕೇಳದೆ ಏನು ಮಾಡಲಿ? “ತಗೊಳ್ಳಿ ಕೆಂಪಕ್ಕ, ಮ್ಯಾಚ್ ಗುಂಡು, ಪ್ರಾಕ್ಟೀಸ್ ಗುಂಡು ಎರಡೂ ಒಂದೇ” ಎಂದಿರಿ. ನಾನು ನಿಮ್ಮ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ… ಕಣ್ಣಿಗೊತ್ತಿಕೊಂಡೆ, ಕಾತ್ಯಾಯಿನಿ ಮೇಡಂ!

ಈಗ ಸುಧಾಮಣಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ. ಪಿಸ್ತೂಲಿನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ.

ಹಾಂ, ಸೀಟಿ ಊದಿದರು! ಈಗ ನಿಮ್ಮ ಮಗಳ ಗುಂಪಿನ ಸರದಿ. ಭಯವೇಕೆ? ಈ ವರ್ಷ ಗೊಂದಲವೇ ಇಲ್ಲವಲ್ಲ. ಎಲ್ಲರೂ ಗುಂಡನ್ನು ಒಂದೇ ಬಗೆಯ ಬಿಳಿ ಡಬ್ಬಿಗೆ ಸುರಿದುಕೊಳ್ಳುತ್ತಾರೆಂದು ಸಾರ್ ಆಯುಧ ಪೂಜೆಯ ದಿನವೇ ಉಪಾಯ ಮಾಡಿದರು. ಕುಂಕುಮವಿಟ್ಟ ಡಬ್ಬಿ ಸ್ಪರ್ಧೆಗೆ, ಬರಿಯ ಡಬ್ಬಿ ಅಭ್ಯಾಸಕ್ಕೆ. ಸಮನ್ವಿತಾ ಕುಂಕುಮದ್ದನ್ನೇ ಒಯ್ದಳು. ನಾನು ಕಣ್ಣಾರೆ ನೋಡಿದೆ. ಹಣೆಗೊತ್ತಿಕೊಂಡು ಒಯ್ದಳು, ಪಾಪ.

ಕೇಳಿದಿರಾ? ಟಪ್… ಹತ್ತಿರದ್ದೇ. ಅವಳದೇ.

ದೂರದಲ್ಲಿ ಉಳಿದವರೆಲ್ಲ ಐದೈದು ಹೊಡೆದು ಮುಗಿಸುತ್ತಿದ್ದಾರೆ. ಇವಳದು ಒಂದೇ ಕೇಳಿತಲ್ಲ? ಇರಿ, ಇರಿ… ಮತ್ತೊಂದು ಟಪ್. ಆಮೇಲೆ? ಆಮೇಲೆ ಏನೂ ಇಲ್ಲ.

ಚೀಲದಲ್ಲಿ ಏನು ಹುಡುಕುತ್ತೀರಿ? ಇನ್ನೊಂದು ಡಬ್ಬಿಯೇ? ಚೀಲದ ತಳದಲ್ಲೇ ಇದೆ, ತೆಗೆಯಿರಿ. ಬೆಳಿಗ್ಗೆ ಕಾರು ನಿಲ್ಲಿಸಲು ಹೋಗುವಾಗ “ಒಂದ್ನಿಮಿಷ ನೋಡ್ಕೊಳ್ಳಿ ಕೆಂಪಕ್ಕ” ಎಂದು ಈ ಚೀಲವನ್ನು ನನ್ನ ಕೈಗೇ ಕೊಟ್ಟು ಹೋಗಿದ್ದಿರಲ್ಲ… ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ತುಸು ಕೆಂಪು ಉಳಿದಿದೆಯೇ? ಸೆರಗಿನಲ್ಲಿ ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ.

ಬೈಯಿರಿ, ಮೇಡಂ. ‘ಇಂಥವರು’ ಎನ್ನಿರಿ. “ನನ್ನ ಮಗು ಏನು ಮಾಡಿತ್ತು?” ಎಂದು ಕೇಳಿರಿ. ಅದೇ ಮಾತನ್ನು ನಾನೂ ಕೇಳುವುದಿದೆ.

ಮತ್ತೆ ನನ್ನ ಬೆರಳನ್ನು ಏಕೆ ಹಾಗೆ ನೋಡುತ್ತೀರಿ…

ಹೌದು. ನಾನು ಗುಡಿಗೆ ಹೋಗಿರಲಿಲ್ಲ.

ಗುಂಡನ್ನು ನಾನು ಮುಟ್ಟಿಲ್ಲ. ಒಂದು ಡಬ್ಬಿಯ ಕುಂಕುಮ ಒರೆಸಿದೆ, ಇನ್ನೊಂದಕ್ಕೆ ಇಟ್ಟೆ. ಎರಡೂ ಒಂದೇ ಎಂದವರು ನೀವು. ಈಗಲೂ ಒಮ್ಮೆ ಹೇಳಿಬಿಡಿ, ನಾನು ಎದ್ದು ಹೋಗುತ್ತೇನೆ. ಹೇಳಿ, ಮೇಡಂ… ಎರಡೂ ಒಂದೇ, ಅಲ್ಲವೇ?

ಬರೆದದ್ದು ಇಷ್ಟು. ಬರವಣಿಗೆಯಲ್ಲಿ ತಪ್ಪು ಕಂಡರೆ ಓದಿದವರು ಕ್ಷಮಿಸಬೇಕು.