ಕೆಳಗಿಳಿದ ಮುಳ್ಳು

ಒಂದು ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ. ಅವನ ಹತ್ತಿರ ತಂದೆಯ ಕಾಲದ ಒಂದು ಕಾರಿತ್ತು. ಅದೆಂದರೆ ಜೀವ. ತಾನೇ ಬಿಚ್ಚುವುದು, ತಾನೇ ಜೋಡಿಸುವುದು, ಇನ್ನೊಬ್ಬರಿಗೆ ಮುಟ್ಟಲು ಬಿಡುವುದಿಲ್ಲ. ಇಂಜಿನ್ ಸ್ವಲ್ಪ ಕೆಮ್ಮಿದರೆ ಇವನಿಗೆ ಊಟ ಸೇರದು. ಹೆಂಡತಿ ಕೆಮ್ಮಿದರೆ? ಕೇಳಿಸುತ್ತಲೇ ಇರಲಿಲ್ಲ. ನಗಬೇಡಿ, ನಗುವಂಥದ್ದೇನೂ ಇಲ್ಲ ಇದರಲ್ಲಿ.

ಮದುವೆಯಾದ ಹೊಸದರಲ್ಲಿ ಆಕೆ ಜಗಳವಾಡುತ್ತಿದ್ದಳು. 'ನನ್ನ ಕೂಡ ಎರಡು ಮಾತು ಆಡ್ರಿ, ಗ್ವಾಡಿ ನೋಡಿ ನೋಡಿ ಸಾಕಾಗೇತಿ' ಎಂದು ಅಳುತ್ತಿದ್ದಳು. ದೊಡ್ಡ ಮನೆ, ಮಕ್ಕಳಿಲ್ಲ. ಬರಬರುತ್ತ ಜಗಳ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಏನು ಕೇಳಿದರೂ ಒಂದೇ ಉತ್ತರ, 'ಏನಿಲ್ಲ.' ಸಾಹುಕಾರ ಗೆಳೆಯರ ಮುಂದೆ ಕೊಚ್ಚಿಕೊಂಡ: 'ಈಗ ನಮ್ಮನಿ ತಣ್ಣಗೈತಿ ನೋಡ್ರಪಾ!'

ಒಂದು ದಿನ ಆಕೆ ತಂಗಿಯ ಊರಿಗೆ ಹೊರಟಳು. ಬೇಗ ಬರುತ್ತಾಳೆ ಅಂತ ಇವನು ಅಂದುಕೊಂಡ. ಆಕೆಯೇನೂ ಹಾಗೆ ಹೇಳಿರಲಿಲ್ಲ. ಆಳುಗಳು ಡಿಕ್ಕಿಯಲ್ಲಿ ಸಾಮಾನು ತುಂಬಿದರು, ಇವನು ಕಾರು ಬಿಟ್ಟ. ರಣಬಿಸಿಲು. ದಾರಿಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಕೆಂಪು ಗೆರೆ ಮುಟ್ಟಿತು. ಇನ್ನೇನು ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಅದು ಸರ್ರನೆ ಇಳಿದು ತಳದಲ್ಲಿ ಮಲಗಿತು.

'ನೋಡಿದಿ? ತಂತಾನ ತಣ್ಣಗಾತು!'

ಆಕೆ 'ಹೂಂ' ಎಂದಳು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಟಕಟಕ ಬಡಿಯಿತು, ಸುಟ್ಟ ವಾಸನೆ ಬಂತು, ಕಾರು ನಿಂತಿತು. ತಣ್ಣಗಿದ್ದದ್ದು ಸುಡುವುದು ಹೇಗೆ? ಮೀಟರೇ ಕೆಟ್ಟಿರಬೇಕು ಎಂದುಕೊಂಡು ಬಾನೆಟ್ ಎತ್ತಿದ. ಇಂಜಿನ್ನಿನ ನೀರಿನಲ್ಲಿ ಮುಳುಗಿದ್ದು ಮುಳ್ಳಿಗೆ ಸುದ್ದಿ ಮುಟ್ಟಿಸುವ ಒಂದು ಬಲ್ಬು ಇರುತ್ತದೆ ನೋಡಿ, ಅದರ ವೈರು ಕಿತ್ತು ಬರೀ ಕಬ್ಬಿಣಕ್ಕೆ ತಾಗಿಸಿ ಕೂಗಿದ: 'ಮುಳ್ಳು ಏರಿತೇನು?'

'ಏರಿತು.'

ಹಾಗೆ ತಾಗಿಸಿದಾಗ ಏರಿದರೆ ಮೀಟರೂ ಸರಿ, ವೈರೂ ಸರಿ. ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತಿರುವಿದ. ಹನಿ ನೀರಿಲ್ಲ! ಪೈಪು ಒಡೆದು ಎಲ್ಲ ಸೋರಿಹೋಗಿತ್ತು. ಆ ಬಲ್ಬಿಗೆ ಗೊತ್ತಾಗುವುದು ನೀರಿನ ಬಿಸಿ ಮಾತ್ರ. ನೀರೇ ಹೋದ ಮೇಲೆ ಅದು ಏನು ಹೇಳೀತು? ಇಂಜಿನ್ ಸುಟ್ಟು ಕರಕಲಾಗುತ್ತಿದ್ದರೂ ಮುಳ್ಳು ಹಾಯಾಗಿ ಕೆಳಗೆ ಮಲಗಿತ್ತು.

ನೀರಿನ ಕ್ಯಾನು ತರಲು ಡಿಕ್ಕಿ ತೆಗೆದ. ಅಲ್ಲಿ ಹೊಲಿಗೆ ಮಷೀನ್ ಇತ್ತು. ತವರಿನಿಂದ ಬರುವಾಗ ಆಕೆ ತಂದಿದ್ದ ಮಷೀನ್. ಇದ್ದು ಬರಲು ಹೋಗುವವರು ಯಾರಾದರೂ ಹೊಲಿಗೆ ಮಷೀನ್ ಹೊತ್ತುಕೊಂಡು ಹೋಗುತ್ತಾರೆಯೇ? ಹೇಳಿ.

'ಇದ್ಯಾಕ?' ಎಂದ.

'ಅಲ್ಲಿ ಬೇಕಾಗ್ತೈತಿ.'

'ನಾ ಏನ್ ತಪ್ಪು ಮಾಡೀನಿ? ಸಿಟ್ಟಿದ್ರ ಬೈಯಿ. ಬೈದುಬಿಡು ಒಮ್ಮೆ.'

ಆಕೆ ಅವನನ್ನೇ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ಅವನಿಗೆ ಹೆದರಿಕೆಯಾಯಿತು. 'ಏನಿಲ್ರಿ' ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಕೈ ಅಡ್ಡ ಹಿಡಿದಳು. ಕಂಡಕ್ಟರ್ ಇಳಿದು ಮಷೀನ್ ಎತ್ತಿಟ್ಟ, ಆಕೆ ಹತ್ತಿದಳು, ಬಸ್ಸು ಹೋಯಿತು. ಕಾರಿಗೆ ಬೇರೆ ಇಂಜಿನ್ ಸಿಕ್ಕಿತು, ಇವತ್ತಿಗೂ ಓಡುತ್ತಿದೆ. ಆಕೆ ಮರಳಿ ಬರಲಿಲ್ಲ. ಸಾಹುಕಾರ ಈಗ ಆ ದೊಡ್ಡ ಮನೆಯಲ್ಲಿ ತಾನೇ ಗೋಡೆ ನೋಡುತ್ತ ಕೂರುತ್ತಾನೆ. ಒಬ್ಬನೇ.

ನಿಮ್ಮನ್ನೇ ಕೇಳುತ್ತೇನೆ, ತಲೆ ತಗ್ಗಿಸಬೇಡಿ. ಮನೆಯಲ್ಲಿ ನಿಮ್ಮ ಮೇಲೆ ಕೂಗಾಡುವವರು ಇದ್ದಾರೆಯೇ? ಪುಣ್ಯವಂತರು ನೀವು, ಅಲ್ಲಿ ಇನ್ನೂ ನೀರಿದೆ. ಹೆಂಡತಿಯೋ, ಗಂಡನೋ, ಬೆಳೆದ ಮಗಳೋ, ಜಗಳ ಬಿಟ್ಟು ಸುಮ್ಮನಾದವರು ಇದ್ದಾರೆಯೇ? ಅದಕ್ಕೆ ಶಾಂತಿ ಅಂತ ಹೆಸರಿಟ್ಟು ನಿದ್ದೆ ಮಾಡುತ್ತಿದ್ದೀರಲ್ಲ! ಇವತ್ತು ಮಠದ ಪ್ರಸಾದಕ್ಕೆ ಸಾಲು ನಿಲ್ಲಬೇಡಿ, ನಾನೇ ಹೇಳುತ್ತಿದ್ದೇನೆ, ಮನೆಗೆ ಹೋಗಿ. ಅವರ ಎದುರು ಕೂತು ಉಣ್ಣಿ, ಏನಾಗಿದೆ ಅಂತ ಕೇಳಿ. ಏನಿಲ್ಲ ಅಂದರೆ ಕೈ ತೊಳೆದು ಎದ್ದುಬಿಡಬೇಡಿ. ಕೂತೇ ಇರಿ, ಮತ್ತೆ ಕೇಳಿ. ಬೈದರೆ ಬೈಸಿಕೊಳ್ಳಿ.