ಅಂಬಿಗ ಕೊಂದಿಲ್ಲ

ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮೊಬೈಲಿನ ಫೈಟ್ ಸೀನಿಗಿಂತ ಪಕ್ಕದ ಬೆಂಚಿನ ಇಬ್ಬರು ಗೆಳತಿಯರ ಮಾತೇ ಜೋರಾಗಿತ್ತು.

“ಎಂತ ಆತೇ ಸುಗಂಧಿ?”

“ಹಳೇ ಕಾಲದ ಕೊಲೆ ಕಾದಂಬರಿ. ಭಾರಿ ಚೊಲೊ ಇತ್ತು, ಅನ್ನ ಸೀದ್ರೂ ಬಿಡ್ಲಿಲ್ಲ. ಕಡೆಗೆ ಬರ್ದವ ಅಂಬಿಗನೇ ಕೊಲೆಗಾರ ಅಂದ್ಬಿಟ್ಟ!”

“ಸಾಕ್ಷಿ?”

“ಅಮಾವಾಸ್ಯೆ ಮಧ್ಯಾಹ್ನ ಅಳಿವೆ ಮರಳಲ್ಲಿ ಅವನ ಹೆಜ್ಜೆ ಇತ್ತಂತೆ. ಆ ಹೊತ್ತಿಗೆ ಸಮುದ್ರದ ಭರತ ಏರಿ ಮರಳೆಲ್ಲ ನೀರಡಿಗೆ! ನಮ್ಮಪ್ಪ ನಲವತ್ತು ವರ್ಷ ದೋಣಿ ದಾಟ್ಸಿದ, ನಂಗೆ ಗೊತ್ತಿಲ್ವಾ?”

“ಕತೆ ಅಲ್ವಾ, ಬಿಡೇ.”

“ಬಿಡೂದಾ? ಲೈಬ್ರರಿ ಪುಸ್ತಕದ ಮೊದಲ ಪುಟದಲ್ಲೇ ಬರ್ದಿಟ್ಟೆ: ‘ಕಡೆಗೆ ಅಂಬಿಗನ್ನ ಹಿಡೀತಾರೆ. ಅವ ಕೊಂದಿಲ್ಲ.’ ಇನ್ನು ಯಾರು ಮಜಾ ಮಾಡಿ ಓದ್ತಾರೆ, ನೋಡ್ತೇನೆ.”

“ಎರಡನೇ ಭಾಗ ಬಂತಂತೆ.”

“ತಂದಾತು. ಪೆನ್ನೂ ತಂದೆ.”

ಕುಮಟಾ ಬಸ್ಸು ಬಂತು, ಇಬ್ಬರೂ ಹತ್ತಿದರು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಸುಗಂಧಿ ಕಂಡಳು. ಪೆನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಓದುತ್ತಿದ್ದಳು.